ಬ್ಯಾಂಕ್‌ನವರು ಮಾಡಿಸಿದ ಮನೆ ವಿಮೆ ಭೂಕುಸಿತಕ್ಕೆ ಸಾಕಾಗುತ್ತಾ?

ಗುಡ್ಡದ ಬದಿಯಲ್ಲಿ ಮನೆ, ಸಾಲ ಕೊಡುವಾಗ ಬ್ಯಾಂಕ್‌ನವರೇ ಮಾಡಿಸಿದ ವಿಮೆ, ಬರೆ (ಮನೆ ಪಕ್ಕದ ಕಡಿದಾದ ಮಣ್ಣಿನ ಇಳಿಜಾರು) ಕುಸಿದರೆ ದುಡ್ಡು ಬರುತ್ತಾ ಅಂತ ಕೇಳಿದ್ದೀರಿ. 2018ರ ಆಗಸ್ಟ್‌ವರೆಗೆ ನಾನೂ ಹೀಗೇ ಇದ್ದೆ.

ನಮ್ಮ ಮನೆ ಇದ್ದದ್ದು ಕೊಡಗಿನ ಮಕ್ಕಂದೂರಿನ ಕಡೆ. ಆ ವರ್ಷ ಮಳೆ ಬಿಟ್ಟೇ ಇರಲಿಲ್ಲ. ಆಗಸ್ಟ್ 16ರ ರಾತ್ರಿ ಮನೆ ಹಿಂದಿನ ಬರೆಯಿಂದ ಕೆಂಪು ನೀರು ಇಳಿಯಲು ಶುರುವಾಯಿತು. ಅಪ್ಪ ಟಾರ್ಚ್ ಹಾಕಿ ನೋಡಿ, ಇನ್ನು ಇಲ್ಲಿರೋದು ಬೇಡ ಅಂದರು. ಉಟ್ಟ ಬಟ್ಟೆಯಲ್ಲೇ ಹೊರಟೆವು. ಬೆಳಗಾಗುವಾಗ ಅಡುಗೆಮನೆ ಮತ್ತು ಹಿಂದಿನ ಎರಡು ಕೋಣೆ ಮಣ್ಣಿನಡಿ ಇದ್ದವು. ಮುಂದಿನ ಭಾಗ ನಿಂತಿತ್ತು. ಹಟ್ಟಿಹೊಳೆ, ಜೋಡುಪಾಲದ ಕಡೆ ಇಡೀ ಮನೆಗಳೇ ಹೋಗಿದ್ದವು, ಜೀವಗಳೂ ಹೋಗಿದ್ದವು. ನಾವು ಐದೂ ಜನ ಉಳಿದೆವಲ್ಲ, ಆವತ್ತು ಅಷ್ಟೇ ಸಾಕಾಗಿತ್ತು.

ವಿಮೆ ನೆನಪಾದದ್ದು ಪರಿಹಾರ ಕೇಂದ್ರದಲ್ಲಿ ಕೂತಿದ್ದಾಗ. ಪಾಲಿಸಿ ತೆಗೆದು ನೋಡಿದರೆ ಪ್ರವಾಹ, ಬಿರುಗಾಳಿ, ಭೂಕುಸಿತ ಎಲ್ಲ ಬರೆದಿತ್ತು. ಭೂಕಂಪ ಮಾತ್ರ ಇರಲಿಲ್ಲ, ಆಗ ಅದನ್ನು ಬೇರೆಯಾಗಿ ಸೇರಿಸಬೇಕಿತ್ತು. ಜುಲೈ 9ರಂದು ನಮ್ಮ ಕಡೆ ನೆಲ ನಡುಗಿತ್ತು. ಹಾಗಾಗಿ ನಷ್ಟ ಲೆಕ್ಕ ಹಾಕಲು ವಿಮಾ ಕಂಪನಿ ಕಳಿಸಿದ ಸರ್ವೇಯರ್ ಗೋಡೆಯ ಬಿರುಕುಗಳನ್ನು ತೋರಿಸಿ, ಇವು ಆವತ್ತಿನವಾ, ಬರೆ ಕುಸಿದಾಗಿನವಾ ಅಂತ ತುಂಬ ಕೇಳಿದರು. ಅದೃಷ್ಟಕ್ಕೆ ವರ್ಷದ ಆರಂಭದಲ್ಲಿ ಹಿಂದಿನ ಬರೆ ಕಡಿಸುವ ಯೋಚನೆ ಬಿಟ್ಟಿದ್ದೆವು. ಮಣ್ಣು ಅಗೆದದ್ದರಿಂದ, ಕೆಟ್ಟ ಕಟ್ಟಡದಿಂದ ಆದ ಕುಸಿತಕ್ಕೆ ದುಡ್ಡು ಕೊಡುವುದಿಲ್ಲ.

ಅಂದರೆ ಭೂಕುಸಿತ ಕವರ್ ಆಗಿತ್ತು. ಆದರೂ ನಾವು ಸೋತೆವು. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನಮ್ಮ ಪಾಲಿಸಿಯ ಮೊತ್ತ 12 ಲಕ್ಷ. ಅದು ಮನೆಯ ಬೆಲೆ ಅಲ್ಲ, ನಮ್ಮ ಸಾಲದ ಮೊತ್ತ. ಬ್ಯಾಂಕ್‌ಗೆ ತನ್ನ ಸಾಲ ಉಳಿದರೆ ಸಾಕು, ಅಷ್ಟಕ್ಕೇ ಬರೆಸಿದ್ದರು. ನಾನು ಸಹಿ ಹಾಕುವಾಗ ಪ್ರೀಮಿಯಂ ಎಷ್ಟು ಅಂತ ಮಾತ್ರ ನೋಡಿದೆ. ಸರ್ವೇಯರ್ ಲೆಕ್ಕದಲ್ಲಿ ಆ ಮನೆಯನ್ನು ಕಟ್ಟಲು 30 ಲಕ್ಷ ಬೇಕು. ನಾನು ಬರೆಸಿದ್ದು ಅದರ ಶೇ. 40 ಮಾತ್ರ. ನಷ್ಟ 10 ಲಕ್ಷ. 12 ಲಕ್ಷದ ಪಾಲಿಸಿ ಇದೆ, 10 ಲಕ್ಷ ಪೂರ್ತಿ ಬರುತ್ತೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಮನೆಯ ಶೇ. 40ಕ್ಕೆ ವಿಮೆ ಇದ್ದರೆ ಪ್ರತಿ ನಷ್ಟದಲ್ಲೂ ಶೇ. 40 ಮಾತ್ರ ವಿಮಾ ಕಂಪನಿಯದು, ಉಳಿದದ್ದು ನಮ್ಮದು. ಅಂಡರ್‌ಇನ್ಶೂರೆನ್ಸ್ ಅನ್ನುವುದು ಇದಕ್ಕೇ. ಬಂದದ್ದು 4 ಲಕ್ಷ. ಅದೂ ನಮ್ಮ ಕೈಗಲ್ಲ, ನೇರ ಸಾಲದ ಖಾತೆಗೆ. ಫ್ರಿಜ್, ಮಂಚ, ಪಾತ್ರೆ, ಅಮ್ಮನ ಹೊಲಿಗೆ ಯಂತ್ರ ಯಾವುದಕ್ಕೂ ಒಂದು ರೂಪಾಯಿ ಇಲ್ಲ. ಪಾಲಿಸಿ ಕಟ್ಟಡಕ್ಕೆ ಮಾತ್ರ ಇತ್ತು.

ಹಾಗಾಗಿ 'ಭೂಕುಸಿತ ಕವರ್ ಆಗುತ್ತಾ' ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅಂತ ನನಗನಿಸುತ್ತದೆ. ಆಗುತ್ತದೆ. 2021ರ ಏಪ್ರಿಲ್‌ನಿಂದ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ತಂದ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ಬೆಂಕಿ, ಸಿಡಿಲು, ಪ್ರವಾಹ, ಚಂಡಮಾರುತ, ಭೂಕುಸಿತ, ಭೂಕಂಪ ಎಲ್ಲ ಒಟ್ಟಿಗೇ ಇದೆ. ನನ್ನನ್ನು ಮುಳುಗಿಸಿದ ಆ ಶೇಕಡಾವಾರು ಕಡಿತವನ್ನೂ ಅದರಲ್ಲಿ ತೆಗೆದಿದ್ದಾರೆ. ಸಾಮಾನಿಗೆ ಕಟ್ಟಡದ ಮೊತ್ತದ ಶೇ. 20, ಹೆಚ್ಚೆಂದರೆ 10 ಲಕ್ಷ, ತಾನಾಗಿಯೇ ಸೇರುತ್ತದೆ. ಚಿನ್ನಕ್ಕೆ ಬೇರೆ ಬರೆಸಬೇಕು. ಆದರೆ ಇಡೀ ಮನೆ ಹೋದರೆ ಈಗಲೂ ಸಿಗುವುದು ನೀವು ಬರೆಸಿದಷ್ಟೇ. ಸಾಲದಷ್ಟು ಬರೆಸಿದ್ದರೆ ಸಾಲದಷ್ಟೇ.

ನೀವು ಕೇಳಬೇಕಾದದ್ದು, ಎಷ್ಟಕ್ಕೆ ಬರೆದಿದೆ ಅಂತ. ಒಬ್ಬ ಮೇಸ್ತ್ರಿಯನ್ನು ಕರೆದು ಈಗ ಇದೇ ಮನೆ ಕಟ್ಟಲು ಚದರಡಿಗೆ ಎಷ್ಟು ಅಂತ ಕೇಳಿ. ಅದೇ ನಿಮ್ಮ ಮೊತ್ತ. ಜಾಗದ ಬೆಲೆ ಸೇರಿಸಬೇಡಿ, ಸುಮ್ನೆ ಪ್ರೀಮಿಯಂ ಜಾಸ್ತಿ. ಜಾಗವೇ ಕೊಚ್ಚಿಹೋದರೂ ನೆಲಕ್ಕೆ ವಿಮೆ ಇಲ್ಲ, ಕಾಫಿ ಗಿಡಕ್ಕೂ ಇಲ್ಲ. ಇದು ಗುಡ್ಡದವರಿಗೆ ದೊಡ್ಡ ಸಂಕಟ, ಇದಕ್ಕೆ ಯಾವ ಮನೆ ಪಾಲಿಸಿಯಲ್ಲೂ ಉತ್ತರ ಸಿಗಲಿಲ್ಲ. ತಡೆಗೋಡೆ ಇದ್ದರೆ ಅದನ್ನು ಮಾತ್ರ ಲೆಕ್ಕದಲ್ಲಿ ಮರೆಯಬೇಡಿ.

ಪ್ರತಿ ಕೋಣೆಯ ಫೋಟೊ ತೆಗೆದು ಮೊಬೈಲ್‌ನಲ್ಲಿ ಮಾತ್ರ ಇಡದೆ ಇಮೇಲ್‌ಗೂ ಕಳಿಸಿಕೊಳ್ಳಿ. ನನ್ನ ಹತ್ತಿರ ಇದ್ದದ್ದು ತಂಗಿಯ ಮದುವೆಯ ಫೋಟೊಗಳು. ಅವುಗಳ ಹಿನ್ನೆಲೆಯಲ್ಲಿ ಕಂಡ ಗೋಡೆಗಳನ್ನೇ ತೋರಿಸಿ, ಬಿರುಕು ಮೊದಲಿನದಲ್ಲ ಅಂತ ಸರ್ವೇಯರ್‌ಗೆ ಒಪ್ಪಿಸಿದೆ.

ನಾವೀಗ ಕುಶಾಲನಗರದ ಕಡೆ ಸಮತಟ್ಟು ಜಾಗದಲ್ಲಿದ್ದೇವೆ. ಇಲ್ಲಿ ಭಯ ಕಾವೇರಿ ನೀರಿನದು. ಈ ಸಲ ಬ್ಯಾಂಕ್‌ನವರು ಕೊಟ್ಟ ಕಾಗದಕ್ಕೆ ಕಾಯದೆ ನಾನೇ ಹೋಗಿ ಕಟ್ಟುವ ಖರ್ಚಿನ ಮೊತ್ತಕ್ಕೆ ಬರೆಸಿದೆ. ನಿಮ್ಮ ಪಾಲಿಸಿಯ ಮೊದಲ ಪುಟದಲ್ಲಿ ಕಟ್ಟಡದ ಮೊತ್ತ ಎಷ್ಟಿದೆ, ಸಾಲ ಎಷ್ಟಿದೆ ಅಂತ ತಿಳಿಸಿ. ಎರಡೂ ಒಂದೇ ಇದ್ದರೆ ಜೂನ್ ಬರುವ ಮೊದಲೇ ಬದಲಾಯಿಸಿ.