ಪದತ್ಯಾಗದ ನಂತರವೂ ಪು ಯಿ ಅರಮನೆಯಲ್ಲೇ ಉಳಿದದ್ದೇಕೆ?

1912ರಲ್ಲಿ ಸಿಂಹಾಸನ ಕಳೆದುಕೊಂಡ ಚೀನಾದ ಕೊನೆಯ ಚಕ್ರವರ್ತಿ ಪು ಯಿ, 1924ರವರೆಗೂ ಬೀಜಿಂಗ್‌ನ ಅರಮನೆಯಲ್ಲೇ ಉಳಿದದ್ದೇಕೆ ಎಂದು ತಾವು ಕೇಳಿದ್ದೀರಿ. ಪದತ್ಯಾಗದ ಒಪ್ಪಂದವೇ ಅದಕ್ಕೆ ಕಾರಣ. ಗಣರಾಜ್ಯ ಸರ್ಕಾರವು ಆರು ವರ್ಷದ ಆ ಬಾಲಕನಿಗೆ ಬಿರುದನ್ನೂ ವರ್ಷಾಶನವನ್ನೂ ಉಳಿಸಿಕೊಟ್ಟು, ನಿಷೇಧಿತ ನಗರದ, ಅಂದರೆ ಆ ಅರಮನೆ ಸಂಕೀರ್ಣದ, ಹಿಂಭಾಗದಲ್ಲಿ ತಾತ್ಕಾಲಿಕವಾಗಿ ವಾಸಿಸಲು ಅನುಮತಿ ನೀಡಿತ್ತು. ಆ ‘ತಾತ್ಕಾಲಿಕ’ವೇ ಹನ್ನೆರಡು ವರ್ಷ ಎಳೆಯಿತು.

ರಾಜ್ಯವಿಲ್ಲದಿದ್ದರೂ ಕಟ್ಟುಪಾಡುಗಳಿಗೇನೂ ಕೊರತೆಯಿರಲಿಲ್ಲ. ಮೂರು ತುಂಬುವ ಮೊದಲೇ ಮನೆಯಿಂದ ಕರೆತಂದ ಮಗುವಿಗೆ ಸುಮಾರು ಏಳು ವರ್ಷ ಹೆತ್ತ ತಾಯಿಯ ಮುಖವನ್ನೇ ತೋರಿಸಲಿಲ್ಲ. ಒಮ್ಮೆ ತಮ್ಮ ಪು ಜಿಯೆ ಜೊತೆ ನಗುನಗುತ್ತಾ ಆಡುತ್ತಿದ್ದಾಗ, ಅವನ ಅಂಗಿಯ ತೋಳಿನ ಒಳಪದರದಲ್ಲಿ ಚಕ್ರವರ್ತಿಗೆ ಮಾತ್ರ ಮೀಸಲಾದ ಹಳದಿ ಬಣ್ಣ ಕಂಡದ್ದೇ ತಡ, ಪು ಯಿ ಗದರಿದ, ತಮ್ಮ ಕೈಕಟ್ಟಿ ನಿಂತ. ಆ ವಯಸ್ಸಿಗೇ ಅಂಥ ದರ್ಪವನ್ನು ತಲೆಗೆ ತುಂಬಿದ್ದು, ನನ್ನ ದೃಷ್ಟಿಯಲ್ಲಿ, ಗೋಡೆಗಳಿಗಿಂತ ದೊಡ್ಡ ಬಂಧನ.

1919ರಲ್ಲಿ ಬಂದ ಬ್ರಿಟಿಷ್ ಗುರು ಜಾನ್‌ಸ್ಟನ್, ಹುಡುಗನ ದೃಷ್ಟಿ ಮಂದವಾಗಿರುವುದನ್ನು ಗಮನಿಸಿ ಕನ್ನಡಕ ಕೊಡಿಸಲು ಹೊರಟಾಗ ಹಿರಿಯ ರಾಣಿಯರು ವಿರೋಧಿಸಿದರು. ಸೈಕಲ್ ಓಡಿಸಲು ಅಡ್ಡಿಯಾದ ಹೊಸ್ತಿಲುಗಳನ್ನಂತೂ ಪು ಯಿ ಕೊಯ್ಯಿಸಿಯೇ ಬಿಟ್ಟ. ತಾನಾಗಿ ಉಳಿದನೆಂದೂ ತಿಳಿಯಬೇಡಿ: 1923ರಲ್ಲಿ ಪಲಾಯನಕ್ಕೆ ಸಿದ್ಧನಾಗಿದ್ದ, ಆದರೆ ಸುದ್ದಿ ತಂದೆಗೆ ಮುಟ್ಟಿ ಬಾಗಿಲುಗಳನ್ನು ಮುಚ್ಚಿಸಲಾಯಿತು.