ಜೂನ್‌ನಲ್ಲಿ ಸ್ಟಾಕ್‌ಹೋಮ್, ಓಸ್ಲೋ, ಕೋಪನ್‌ಹೇಗನ್: ಏನು ತಿನ್ನೋದು, ಏನು ಕುಡಿಯೋದು

ಜೂನ್ ಕೊನೆಗೆ ಅಪ್ಪ ಅಮ್ಮನ ಜೊತೆ ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗೆ ಹೊರಟಿದ್ದೀರಿ, ಅವರಿಬ್ಬರು ಸಸ್ಯಾಹಾರಿ, ನೀವು ಎಲ್ಲ ತಿನ್ನುತ್ತೀರಿ, ಅಲ್ಲಿನದೇ ಊಟ ಏನು ಮಾಡಬಹುದು ಅಂತ ಕೇಳಿದ್ದೀರಿ. ನನಗಿಂತ ಮೊದಲು ನಿಮಗೆ ಉತ್ತರ ಬರೆದವರೆಲ್ಲ ಸುರ್‌ಸ್ಟ್ರೊಮ್ಮಿಂಗ್ ಅನ್ನೋ ಹುಳಿ ಬರಿಸಿದ, ನಾರುವ ಹೆರಿಂಗ್ ಮೀನಿನ ಡಬ್ಬಿಯನ್ನೇ ಹಿಡಿದುಕೊಂಡಿದ್ದಾರೆ. ಅದನ್ನು ಬಿಡಿ. ಅದರ ಕಾಲ ಶುರುವಾಗೋದೇ ಆಗಸ್ಟ್ ಮೂರನೇ ಗುರುವಾರ. ಲುಟೆಫಿಸ್ಕ್, ಅಂದರೆ ಕ್ಷಾರದ ನೀರಿನಲ್ಲಿ ನೆನೆಸಿದ ಒಣ ಮೀನು, ಕ್ರಿಸ್‌ಮಸ್ ಹೊತ್ತಿನದು. ಜೂನ್‌ನಲ್ಲಿ ಇವನ್ನು ಬಡಿಸುವ ಹೋಟೆಲ್ ನಿಮ್ಮಂಥ ಪ್ರವಾಸಿಗರಿಗೇ ಕಾದು ಕೂತಿದೆ ಅಂತ ತಿಳಿಯಿರಿ.

ಜೂನ್‌ನಲ್ಲಿ ಸ್ವೀಡನ್‌ನವರು ಕಾಯುವುದು ಹೊಸ ಆಲೂಗಡ್ಡೆಗೆ. ಸಿಪ್ಪೆ ಎಷ್ಟು ತೆಳು ಅಂದರೆ ಹೆಬ್ಬೆರಳಿನಲ್ಲಿ ಉಜ್ಜಿದರೆ ಬಂದುಬಿಡುತ್ತದೆ. ಸಬ್ಬಸಿಗೆ ಸೊಪ್ಪನ್ನು ದಂಟಿನ ಸಮೇತ ನೀರಿಗೆ ಹಾಕಿ, ಉಪ್ಪು ಹಾಕಿ ಬೇಯಿಸುತ್ತಾರೆ. ಮೇಲೆ ಬೆಣ್ಣೆ ಅಥವಾ ಹುಳಿ ಕ್ರೀಮ್, ಹೆಚ್ಚಿದ ಈರುಳ್ಳಿ ಎಲೆ. ಪಕ್ಕದಲ್ಲಿ ಕ್ನೆಕೆಬ್ರೋಡ್ ಅನ್ನೋ ಗರಿಗರಿ ರೈ ಧಾನ್ಯದ ರೊಟ್ಟಿ. ಅಪ್ಪ ಅಮ್ಮನಿಗೆ ಇಷ್ಟೇ ಒಳ್ಳೆ ಊಟ. ನಿಮಗೆ ಅದರ ಜೊತೆ ಸಿಲ್, ಅಂದರೆ ಸಿಹಿ ಹುಳಿ ರಸದಲ್ಲಿ ಹಾಕಿಟ್ಟ ಹೆರಿಂಗ್ ಮೀನು. ಬೇಯಿಸಿರುವುದಿಲ್ಲ, ಮೆತ್ತಗಿರುತ್ತದೆ. ಮೊದಲ ಸಲಕ್ಕೆ ಸಾಸಿವೆ ಹಾಕಿದ್ದನ್ನು ಕೇಳಿ, ನಮ್ಮ ನಾಲಿಗೆಗೆ ಬೇಗ ಒಗ್ಗುತ್ತದೆ. ಕೊನೆಗೆ ಸ್ಟ್ರಾಬೆರಿ.

ಒಂದು ಎಚ್ಚರಿಕೆ. ಜೂನ್ 19ರಿಂದ 25ರ ಒಳಗೆ ಬರುವ ಶುಕ್ರವಾರ ಸ್ವೀಡನ್‌ನಲ್ಲಿ ಮಿಡ್‌ಸೊಮ್ಮರ್, ಅಂದರೆ ನಡುಬೇಸಿಗೆಯ ಹಬ್ಬ. ಊರಿನವರೆಲ್ಲ ಹಳ್ಳಿಮನೆಗೆ ಹೋಗಿಬಿಡುತ್ತಾರೆ, ಎಷ್ಟೋ ಹೋಟೆಲ್, ಅಂಗಡಿ ಬಂದ್. ಹಿಂದಿನ ದಿನವೇ ಸಾಮಾನು ತಂದಿಡಿ. ಸ್ಟಾಕ್‌ಹೋಮ್‌ನಲ್ಲೇ ಇದ್ದರೆ ಸ್ಕಾನ್ಸೆನ್ ಬಯಲು ಮ್ಯೂಸಿಯಂಗೆ ಹೋಗಿ, ಅಲ್ಲಿ ಹಬ್ಬದ ಕಂಬ ನಿಲ್ಲಿಸಿ ಸುತ್ತ ಕುಣಿಯುತ್ತಾರೆ.

ಹಬ್ಬದೂಟದ ಜೊತೆ ಕುಡಿಯುವುದು ಸ್ನಾಪ್ಸ್, ಅಂದರೆ ಪುಟ್ಟ ಲೋಟದಲ್ಲಿ ಕೊಡುವ ಕಡು ಮದ್ಯ, ಹೆಚ್ಚಾಗಿ ಅಕ್ವಾವಿಟ್. ಷಾಜೀರಿಗೆ ಅಥವಾ ಸಬ್ಬಸಿಗೆ ಬೀಜದ ಪರಿಮಳ ಇಲ್ಲದಿದ್ದರೆ ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಅದಕ್ಕೆ ಆ ಹೆಸರೇ ಇಲ್ಲ. ಕಡಿಮೆ ಅಂದರೂ ಶೇ. 37.5 ಆಲ್ಕೋಹಾಲ್, ಹುಷಾರು. ಸ್ವೀಡನ್‌ನಲ್ಲಿ ಮೊದಲು ಒಂದು ಪುಟ್ಟ ಹಾಡು, ಆಮೇಲೆ ಎದುರಿಗಿದ್ದವರ ಕಣ್ಣು ನೋಡಿ 'ಸ್ಕೋಲ್' (ನಮ್ಮ ಚಿಯರ್ಸ್), ಆಮೇಲೆ ಗುಟುಕು. ಓಸ್ಲೋದಲ್ಲಿ ಲಿನಿಯೆ ಅನ್ನೋ ಅಕ್ವಾವಿಟ್ ಹುಡುಕಿ. ಆಲೂಗಡ್ಡೆಯಿಂದ ತೆಗೆದದ್ದು. ಶೆರಿ ವೈನ್ ಇಟ್ಟಿದ್ದ ಪೀಪಾಯಿಯಲ್ಲಿ ತುಂಬಿ, ಹಡಗಿನಲ್ಲಿ ಭೂಮಧ್ಯರೇಖೆ ದಾಟಿಸಿ ವಾಪಸ್ ತರುತ್ತಾರೆ. 1805ರಲ್ಲಿ ನಾರ್ವೆಯ ಟ್ರೋಂಡ್‌ಹೈಮ್‌ನಿಂದ ಬಟಾವಿಯಾಕ್ಕೆ (ಈಗಿನ ಜಕಾರ್ತ) ಹೋದ ಹಡಗಿನಲ್ಲಿ ಮಾರಾಟವಾಗದೆ ಉಳಿದು ಬಂದ ಸರಕು ರುಚಿ ಏರಿಸಿಕೊಂಡಿತ್ತಂತೆ, ಅಲ್ಲಿಂದ ಶುರು. ಬಾಟಲಿಯ ಲೇಬಲ್ ಹಿಂಬದಿಯನ್ನು ಗಾಜಿನ ಮೂಲಕ ನೋಡಿ, ಯಾವ ಹಡಗು, ಯಾವ ತಾರೀಕು ಅಂತ ಅಚ್ಚಾಗಿರುತ್ತದೆ.

ಕೊಳ್ಳುವುದೇ ತಲೆನೋವು. ಸ್ವೀಡನ್‌ನಲ್ಲಿ ಕಿರಾಣಿ ಅಂಗಡಿ ಬಿಯರ್ ಶೇ. 3.5ರವರೆಗೆ ಮಾತ್ರ. ಅದಕ್ಕಿಂತ ಮೇಲಿನದು ಬಹುತೇಕ ಸರ್ಕಾರದ ಮದ್ಯದಂಗಡಿ ಸಿಸ್ಟೆಮ್‌ಬೊಲಾಗೆಟ್‌ನಲ್ಲಿ. ಶನಿವಾರ ಮಧ್ಯಾಹ್ನ ಮೂರಕ್ಕೆ ಬಾಗಿಲು ಮುಚ್ಚುತ್ತದೆ, ಭಾನುವಾರ ರಜೆ, ಮಿಡ್‌ಸೊಮ್ಮರ್ ಶುಕ್ರವಾರವೂ ರಜೆ. ನಾರ್ವೆಯಲ್ಲಿ ಆ ಮಿತಿ ಶೇ. 4.7, ಅಂಗಡಿ ವಿನ್‌ಮೊನೊಪೊಲೆಟ್. ಡೆನ್ಮಾರ್ಕ್‌ನಲ್ಲಿ ಈ ತಾಪತ್ರಯ ಇಲ್ಲ, ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತದೆ.

ನಾರ್ವೆಯಲ್ಲಿ ಬ್ರೂನೊಸ್ಟ್ ಬಿಡಬೇಡಿ. ಚೀಸ್ ತೆಗೆದ ಮೇಲೆ ಉಳಿಯುವ ಹಾಲಿನ ನೀರಿಗೆ ಕೆನೆ ಸೇರಿಸಿ, ಕಂದು ಬಣ್ಣ ಬರುವವರೆಗೆ ಕಾಯಿಸಿದ್ದು. ಗುಡ್‌ಬ್ರಾಂಡ್ಸ್‌ಡಾಲ್ ಕಣಿವೆಯ ಆನ್ನೆ ಹೋವ್ ಎಂಬಾಕೆ 1863ರಲ್ಲಿ ಕೆನೆ ಹಾಕಿ ಮಾಡಿದ್ದೇ ಈಗಿನ ರೂಪ ಅನ್ನುತ್ತಾರೆ. ರುಚಿ ಚೂರು ಉಪ್ಪು ಬಿದ್ದ ಖೋವಾ ಥರ. ದಪ್ಪಗೆ ಕತ್ತರಿಸಿದರೆ ಹಲ್ಲಿಗೆ ಅಂಟುತ್ತದೆ, ಅದಕ್ಕೇ ಅದರ ಪಕ್ಕ ಸೀಳುಗತ್ತಿ ಇಟ್ಟಿರುತ್ತಾರೆ. ಕಾಗದದಷ್ಟು ತೆಳುವಾಗಿ ಎಳೆದು ಬಿಸಿ ವಾಫಲ್ ಮೇಲೆ ಹಾಕಿ, ಅಂಚು ಕರಗಲು ಶುರುವಾದಾಗ ತಿನ್ನಿ. ಆದರೆ ಆ ಹಾಲಿನ ನೀರು ರೆನ್ನೆಟ್ (ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆಯುವ ವಸ್ತು) ಹಾಕಿದ ಚೀಸ್‌ನಿಂದ ಬಂದಿರಬಹುದು. ಅಮ್ಮ ಅಷ್ಟು ಕಟ್ಟುನಿಟ್ಟಾದರೆ ಪ್ಯಾಕೆಟ್ ಓದಿ.

ಸಸ್ಯಾಹಾರಿಗಳಿಗೆ ಇನ್ನೆರಡು ಬಲೆ. ಸ್ವೀಡನ್‌ನ ಗುರುವಾರದ ಬಟಾಣಿ ಸೂಪ್‌ನಲ್ಲಿ ಹಂದಿಮಾಂಸ ಇರುತ್ತದೆ. ಬಣ್ಣಬಣ್ಣದ ಜೆಲ್ಲಿ ಮಿಠಾಯಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜಿಲೆಟಿನ್ ಇರುವುದೇ ಜಾಸ್ತಿ. ಇದಕ್ಕೆ ಬದಲು ಕಾಫಿ ಜೊತೆ ಏಲಕ್ಕಿ ಬನ್ ತಿನ್ನಿಸಿ. ಸ್ವೀಡನ್‌ನವರು ಏಲಕ್ಕಿಯನ್ನು ನುಣ್ಣಗೆ ಪುಡಿ ಮಾಡದೆ ತರಿತರಿಯಾಗಿ ಕುಟ್ಟಿ ಹಾಕುತ್ತಾರೆ, ಕಚ್ಚಿದಾಗ ಕಪ್ಪು ಕಾಳು ಬಾಯಿಗೆ ಸಿಗುತ್ತದೆ. ಮೊಸರು ಬೇಕೇ ಬೇಕು ಅಂದರೆ ಅಂಗಡಿಯಲ್ಲಿ ಫಿಲ್‌ಮ್ಯೋಲ್ಕ್ ತಗೊಳ್ಳಿ, ಅನ್ನಕ್ಕೆ ಕಲಸಿದರೆ ಆಯಿತು. ಲೋಂಗ್‌ಫಿಲ್ ಮಾತ್ರ ಬೇಡ, ಲೋಳೆಯಾಗಿ ಎಳೆ ಬರುತ್ತದೆ.

ಕೋಪನ್‌ಹೇಗನ್‌ನಲ್ಲಿ ಮಧ್ಯಾಹ್ನ ಸ್ಮೋರ್‌ಬ್ರೋಡ್. ರೈ ಬ್ರೆಡ್ ಒಂದೇ ಹೋಳು, ಮೇಲೆ ಗುಡ್ಡೆಯಷ್ಟು ಪದಾರ್ಥ. ಕೈಯಲ್ಲಿ ಎತ್ತಬೇಡಿ, ಚಾಕು ಫೋರ್ಕ್‌ನಲ್ಲೇ ತಿನ್ನೋದು. ನೀವು ಹೆರಿಂಗ್‌ನಿಂದ ಶುರು ಮಾಡಿ, ಮಾಂಸ, ಚೀಸ್ ಆಮೇಲೆ. ಅಪ್ಪ ಅಮ್ಮನಿಗೆ ಆಲೂಗಡ್ಡೆಯದು ಇದೆ, ಕಾರ್ಟೊಫೆಲ್‌ಮಾಡ್. ಮೇಯೊನೀಸ್‌ನಲ್ಲಿ ಮೊಟ್ಟೆ ಇರುತ್ತದೆ, ಬೇಡವಾದರೆ ಮೊದಲೇ ಹೇಳಿ.

ಖರ್ಚಿನ ವಿಷಯ: ದೊಡ್ಡ ಊಟ ಮಧ್ಯಾಹ್ನವೇ ಮುಗಿಸಿ. ಸ್ವೀಡನ್‌ನಲ್ಲಿ ವಾರದ ದಿನ 'ದಾಗೆನ್ಸ್ ಲುಂಚ್' (ಇವತ್ತಿನ ಊಟ) ಅನ್ನೋ ಫಲಕ ನೋಡಿ ಒಳಗೆ ಹೋಗಿ. ಬ್ರೆಡ್, ಸಲಾಡ್, ಕಾಫಿ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತದೆ, ರಾತ್ರಿಯ ರೇಟಿಗಿಂತ ಎಷ್ಟೋ ಕಡಿಮೆ. ನೀರಿನ ಬಾಟಲಿಗೆ ಸುಮ್ನೆ ದುಡ್ಡು ಸುರಿಯಬೇಡಿ, ಮೂರೂ ಊರಲ್ಲಿ ನಲ್ಲಿ ನೀರು ಚೆನ್ನಾಗಿದೆ. ಹಬ್ಬದ ಶುಕ್ರವಾರ ಯಾವ ಊರಲ್ಲಿರುತ್ತೀರಿ ಅಂತ ಇಲ್ಲೇ ಹೇಳಿ, ಅದಕ್ಕೆ ತಕ್ಕಂತೆ ಸಾಮಾನಿನ ಪಟ್ಟಿ ಬರೆದು ಹಾಕುತ್ತೇನೆ.