ನಡುವಯಸ್ಸಿನಲ್ಲಿ ಸರ್ಕಸ್ ಕಸರತ್ತು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಾನು 46 ವರ್ಷದ ಮಹಿಳೆ, ಬ್ಯಾಂಕಿನಲ್ಲಿ ನೌಕರಿ. ಚಿಕ್ಕಂದಿನಲ್ಲಿ ಮಾರಿಕಾಂಬಾ ಜಾತ್ರೆಗೆ ಬಂದ ಸರ್ಕಸ್ಸಿನಲ್ಲಿ ಕಂಡ ಕಸರತ್ತುಗಳ ಆಸೆ ಇನ್ನೂ ಬಿಟ್ಟಿಲ್ಲ. ಕೈ ಮೇಲೆ ನಿಲ್ಲುವುದು, ಕಾಲುಗಳನ್ನು ಹಿಂದೆ ಮುಂದೆ ಪೂರ್ತಿ ಚಾಚಿ ಕೂರುವುದು, ಹಗ್ಗ ಹಿಡಿದು ಮೇಲೇರುವುದು ಈಗ ಕಲಿತರೆ ಬಂದೀತೇ? ಯೋಗ ತರಗತಿಯಲ್ಲಿ ಮುಂದಕ್ಕೆ ಬಾಗಿ ಬಾಗಿ, ಈಗ ಕುರ್ಚಿಯಲ್ಲಿ ಕೂತರೆ ಪೃಷ್ಠದ ಕೆಳಗೆ ನೋಯುತ್ತದೆ. ಮನೆಯಲ್ಲಿ ‘ಈ ವಯಸ್ಸಿಗೆ ಇದೆಲ್ಲ ಎಂತಕ್ಕೆ’ ಎನ್ನುತ್ತಾರೆ.
– ಹೆಸರು ಬೇಡ, ಶಿರಸಿ

ಉತ್ತರ: ಮೊದಲು ನೋವಿನ ವಿಚಾರ. ತೊಡೆಯ ಹಿಂಭಾಗದ ಸ್ನಾಯುಗಳನ್ನು ನಾವು ಕೂರುವ ಮೂಳೆಗೆ ಹಿಡಿದಿಟ್ಟಿರುವುದು ಸ್ನಾಯುರಜ್ಜು. ಅತಿಯಾಗಿ ಮುಂದಕ್ಕೆ ಬಾಗಿದಾಗ ಅದು ಜಗ್ಗುವುದಲ್ಲದೆ ಮೂಳೆಗೂ ಒತ್ತಿಕೊಳ್ಳುತ್ತದೆ. ಇದೇ ದಿನವೂ ನಡೆದರೆ ಕೂತಲ್ಲಿ ನೋವು ಶುರುವಾಗುತ್ತದೆ. ನೀವು ಬರೆದ ಲಕ್ಷಣ ಇದನ್ನೇ ಹೋಲುತ್ತದೆಯಾದರೂ ಸೊಂಟದಿಂದ ಇಳಿಯುವ ನರದ ನೋವೂ ಅಲ್ಲೇ ಕಾಣಿಸಿಕೊಳ್ಳಬಹುದಾದ್ದರಿಂದ ಫಿಸಿಯೋಥೆರಪಿಸ್ಟರಿಗೆ ಒಮ್ಮೆ ತೋರಿಸಿ. ಸದ್ಯಕ್ಕೆ ಎಳೆಯುವುದನ್ನು ನಿಲ್ಲಿಸಿ. ರಜ್ಜುವಿನ ತೊಂದರೆಯೇ ಹೌದಾದರೆ ಅದಕ್ಕೆ ಬೇಕಾದದ್ದು ಇನ್ನಷ್ಟು ಎಳೆತವಲ್ಲ, ನಿಧಾನವಾಗಿ ಏರಿಸುವ ಭಾರ: ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು, ಕೆಲವು ವಾರ ಕಳೆದ ಮೇಲೆ ಅದನ್ನೇ ಒಂದೇ ಕಾಲಿನ ಮೇಲೆ ಮಾಡುವುದು.

ನಿಮ್ಮ ಮುಖ್ಯ ಪ್ರಶ್ನೆಗೂ ಇದು ಸಂಬಂಧಿಸಿದ್ದು. ಸ್ನಾಯುಗಳು ಕೆಲವೇ ವಾರಗಳಲ್ಲಿ ಬಲ ಪಡೆಯುತ್ತವೆ, ರಜ್ಜುಗಳು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತವೆ. ‘ಈಗ ಆಗುತ್ತದೆ’ ಎಂದು ಮೈ ಹೇಳುವ ಹೊತ್ತಿಗೆ ರಜ್ಜು ಸಿದ್ಧವಾಗಿರುವುದಿಲ್ಲ. ಸರ್ಕಸ್ಸನ್ನು ಬಾಲ್ಯದಲ್ಲೇ ಕಲಿಯಬೇಕೆಂಬ ಮಾತು ಬಂದದ್ದು ಹಿಂದಿನ ಕಂಪನಿಗಳು ಮಕ್ಕಳನ್ನೇ ಪಳಗಿಸುತ್ತಿದ್ದುದರಿಂದ. 2011ರ ಸುಪ್ರೀಂ ಕೋರ್ಟ್ ತೀರ್ಪು ಅದಕ್ಕೆ ತಡೆ ಹಾಕಿತು. ಮನೆಯವರಿಗೆ ತೋಟದ ಕೊನೆಗೌಡರನ್ನು (ಮರವೇರಿ ಅಡಿಕೆ ಗೊನೆ ಇಳಿಸುವವರನ್ನು) ತೋರಿಸಿ. ಐವತ್ತು ದಾಟಿದ ಮೇಲೂ ಅಡಿಕೆ ಮರದ ತುದಿಯಲ್ಲಿ ಕೊನೆ ಕೊಯ್ಯುವವರಿದ್ದಾರೆ. ಅವರು ಏರುವುದನ್ನು ನಡುವೆ ಬಿಟ್ಟಿಲ್ಲ, ನೀವು ಹೊಸದಾಗಿ ಶುರು ಮಾಡುತ್ತಿದ್ದೀರಿ, ವ್ಯತ್ಯಾಸ ಇಷ್ಟೇ.

ಕೈ ಮೇಲೆ ನಿಲ್ಲುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಗೋಡೆಗೆ ಬೆನ್ನು ಕೊಟ್ಟು ನಿಂತು, ಮೊಣಕೈ ಮಡಚದೆ ತೋಳುಗಳನ್ನು ಮೇಲೆತ್ತಿ. ಸೊಂಟ ಗೋಡೆಯಿಂದ ಬಿಲ್ಲಿನಂತೆ ಎದ್ದುಬರದೆ ಹೆಬ್ಬೆರಳು ಗೋಡೆ ಮುಟ್ಟಬೇಕು. ಮುಟ್ಟದಿದ್ದರೆ ಬಿಗಿತ ಭುಜದಲ್ಲಿದೆ, ತಲೆಕೆಳಗಾದಾಗ ಆ ಕೊರತೆಯನ್ನು ಸೊಂಟ ತುಂಬಿಕೊಡಬೇಕಾಗುತ್ತದೆ. ಅಂಥವರು ಕೆಲವು ತಿಂಗಳು ಬಾಗಿಲ ಚೌಕಟ್ಟಿಗೆ ಗಟ್ಟಿಯಾಗಿ ಕೂರಿಸಿದ ಸರಳಿಗೆ ಪಾದ ನೆಲಕ್ಕೆ ತಾಗಿಸಿಕೊಂಡೇ ನೇತಾಡಿ, ಮಣಿಕಟ್ಟು ಪಳಗಲು ನೆಲಕ್ಕೆ ಅಂಗೈ ಊರಿ ಮುಂದೆ ಹಿಂದೆ ತೂಗುವ ಅಭ್ಯಾಸ ಮಾಡಲಿ. ಆಮೇಲೆ ಗೋಡೆಗೆ ಮುಖ ಮಾಡಿ, ಪಾದಗಳನ್ನು ಗೋಡೆಯ ಮೇಲೆ ನಡೆಸುತ್ತ ಏರಬಹುದು. ಬೆನ್ನನ್ನು ಗೋಡೆಯ ಕಡೆ ಮಾಡಿ ಕಾಲು ಝಾಡಿಸಿ ಏರುವುದು ಸುಲಭ, ಆದರೆ ಅದರಿಂದ ಬೆನ್ನು ಡೊಂಕಾಗಿ ನಿಲ್ಲುವ ಅಭ್ಯಾಸವೇ ಬೀಳುತ್ತದೆ. ನಿಂತ ಮೇಲೆ ಸಮತೋಲ ಇರುವುದು ಬೆರಳುಗಳಲ್ಲಿ: ಮೈ ಬೆರಳುಗಳ ಕಡೆಗೆ ವಾಲಿದರೆ ಬೆರಳ ತುದಿಯಿಂದ ನೆಲವನ್ನು ಒತ್ತಬೇಕು, ಮಣಿಕಟ್ಟಿನ ಕಡೆಗೆ ವಾಲಿದರೆ ಅಂಗೈಯ ಬುಡದ ಮೇಲೆ ಭಾರ ಹಾಕಬೇಕು. ಒಂದು ಕೈ ಎತ್ತಿ ಪಕ್ಕಕ್ಕೆ ತಿರುಗಿ ಇಳಿಯುವುದನ್ನು ಮಾತ್ರ ನಿಲ್ಲಲು ಕಲಿಯುವ ಮೊದಲೇ ಕಲಿಯಬೇಕು.

ಕಾಲು ಚಾಚುವ ಭಂಗಿಗೆ, ನೋವು ಪೂರ್ತಿ ಇಳಿದ ಮೇಲೆ, ನುಣುಪಾದ ನೆಲದ ಮೇಲೆ ಹಿಮ್ಮಡಿಯ ಕೆಳಗೆ ಬಟ್ಟೆ ಇಟ್ಟು, ಎರಡೂ ಪಕ್ಕದ ಸ್ಟೂಲುಗಳಿಗೆ ಕೈ ಊರಿ, ಮುಂದಿನ ಕಾಲನ್ನು ನಿಧಾನವಾಗಿ ಜಾರಿಸಿ, ಅದೇ ಕಾಲಿನ ಬಲದಿಂದ ಹಿಂದಕ್ಕೆ ಎಳೆದುಕೊಳ್ಳಿ. ಸ್ವಂತ ಬಲದಿಂದ ವಾಪಸು ಬರಲಾಗದ ಆಳಕ್ಕೆ ಇಳಿಯಬೇಡಿ. ಬೇರೆಯವರು ಹೆಗಲು ಹಿಡಿದು ಒತ್ತಲು ಬಂದರೆ ಆ ತರಗತಿಗೇ ಹೋಗಬೇಡಿ. ಕಾಲುಗಳನ್ನು ಪಕ್ಕಕ್ಕೆ ಪೂರ್ತಿ ಅಗಲಿಸುವ ಭಂಗಿ ಸೊಂಟದ ಕೀಲಿನ ಮೂಳೆಯ ಆಕಾರಕ್ಕೂ ಬಿಟ್ಟದ್ದು, ಕೆಲವರಿಗೆ ಎಷ್ಟು ಅಭ್ಯಾಸ ಮಾಡಿದರೂ ಬರುವುದಿಲ್ಲ. ಹಗ್ಗದ ವಿಷಯ ಇನ್ನೊಂದು ವರ್ಷಕ್ಕಿರಲಿ.

ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಈಸ್ಟ್ರೋಜನ್ ಇಳಿದು ಮೂಳೆಯ ಸಾಂದ್ರತೆ ಬೇಗ ಕಡಿಮೆಯಾಗುವುದರಿಂದ ಭಾರದ ವ್ಯಾಯಾಮ ನಿಮಗೆ ಬರೀ ಹವ್ಯಾಸವಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಎಲ್ಲ ವಯಸ್ಕರಿಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ ಹೇಳಿದೆ. ಅಧಿಕ ರಕ್ತದೊತ್ತಡ ಅಥವಾ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ರೋಗ) ಇರುವವರು ವೈದ್ಯರನ್ನು ಕೇಳದೆ ತಲೆಕೆಳಗಾಗಬಾರದು, ಏಕೆಂದರೆ ಆಗ ತಲೆಯ ಕಡೆ ರಕ್ತದ ಒತ್ತಡವೂ ಕಣ್ಣಿನೊಳಗಿನ ಒತ್ತಡವೂ ಏರುತ್ತದೆ. ಊಟದಲ್ಲಿ ಬೇಳೆ, ಕಾಳು, ಮೊಸರು ಹೆಚ್ಚಿಸಿ. ನಮ್ಮ ತಂಬುಳಿ, ಅಪ್ಪೆಹುಳಿ ಎಷ್ಟು ರುಚಿಯಾದರೂ ಪ್ರೋಟೀನನ್ನು ಅವುಗಳಲ್ಲಿ ಹುಡುಕಬೇಡಿ.

ಪ್ರಶ್ನೆ: 52 ವರ್ಷದ ಹವ್ಯಾಸಿ ಯಕ್ಷಗಾನ ಕಲಾವಿದ ನಾನು. ಮಂಡಿಯೂರಿ ಗಿರಕಿ ಹೊಡೆಯುವ ಮಂಡಿ ಕುಣಿತ ಬಿಟ್ಟು ಹತ್ತು ವರ್ಷವಾಯಿತು. ಮತ್ತೆ ಮಾಡಬಹುದೇ? ಮೊಣಕಾಲು ಲಟಲಟ ಎನ್ನುತ್ತದೆ.
– ಒಬ್ಬ ಓದುಗ, ಹೊನ್ನಾವರ

ಉತ್ತರ: ನೋವಿಲ್ಲದ ಸದ್ದಿಗೆ ಹೆದರಬೇಕಿಲ್ಲ. ಬಾವು ಬಂದರೆ, ಕಾಲು ಮಡಚಿದಲ್ಲೇ ಸಿಕ್ಕಿಹಾಕಿಕೊಂಡರೆ ಮೂಳೆ ವೈದ್ಯರನ್ನು ಕಾಣಬೇಕು. ಕುರ್ಚಿಯಿಂದ ಒಂದೇ ಕಾಲಿನ ಮೇಲೆ, ಕೈ ಊರದೆ, ಎದ್ದು ನಿಧಾನವಾಗಿ ಕೂರಲು ಎರಡೂ ಕಾಲಿಗೆ ಸಾಧ್ಯವಾದ ಮೇಲೆ ದಪ್ಪ ಚಾಪೆಯ ಮೇಲೆ, ಮಂಡಿಗೆ ಪ್ಯಾಡ್ ಕಟ್ಟಿ, ಒಂದೆರಡು ಸುತ್ತಿನಿಂದ ಆರಂಭಿಸಿ. ಮರುದಿನ ಬೆಳಿಗ್ಗೆ ಮಂಡಿ ಬಿಗಿದಿದ್ದರೆ ಸುತ್ತು ಕಡಿಮೆ ಮಾಡಿ.